ಹಸು ಯಾರು, ಹುಲಿ ಯಾರು? ಕುಣಿತದ ಕಥೆ ಕುರಿತು ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ನೃತ್ಯದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಮಾತೇ ಇಲ್ಲದೆ ಕಥೆ ದಾಟುವುದು ಹೇಗೆ? ನೋಡುವವರು, ಆಡುವವರು, ಆಡಿಸುವವರು ಮೂರೂ ಕಡೆಯವರು ಬರೆದಿದ್ದಾರೆ. ಕೆಲವು ಪತ್ರಗಳನ್ನು ಚಿಕ್ಕದು ಮಾಡಿಕೊಂಡು ಉತ್ತರಿಸಿದ್ದೇವೆ.

ಪ್ರಶ್ನೆ: ಸೊಸೆ ಭರತನಾಟ್ಯ ಕಲಿತವಳು. ಕಾರ್ಯಕ್ರಮಕ್ಕೆ ಹೋದರೆ ಅವಳು ತಲೆದೂಗುತ್ತಾ ಕೂರುತ್ತಾಳೆ, ನನಗೆ ಸುಮ್ಮನೆ ಕೈ ಆಡಿಸಿದ ಹಾಗೆ ಕಾಣುತ್ತೆ. ಈ ವಯಸ್ಸಿನಲ್ಲಿ ಮುದ್ರೆಗಳ ಅರ್ಥ ಬಾಯಿಪಾಠ ಮಾಡಬೇಕೆ?
– ಬಸವನಗುಡಿಯ ಓದುಗಿ

ಉತ್ತರ: ಬೇಡ. ಮಾಡಿದರೂ ಅಷ್ಟೇನೂ ಉಪಯೋಗವಿಲ್ಲ. ನಂದಿಕೇಶ್ವರನ ಹಳೆಯ ನಾಟ್ಯಗ್ರಂಥ ‘ಅಭಿನಯ ದರ್ಪಣ’ದಲ್ಲಿ ಒಂಟಿ ಕೈಯ ಹಸ್ತಗಳು, ಅಂದರೆ ಮುದ್ರೆಗಳು, 28. ಮೊದಲನೆಯದು ಪತಾಕ: ನಾಲ್ಕು ಬೆರಳು ಸೇರಿಸಿ ನೆಟ್ಟಗೆ, ಹೆಬ್ಬೆರಳು ಒಳಗೆ ಮಡಿಸಿ. ಮಕ್ಕಳು ಪಾಠದಲ್ಲಿ ‘ನಾಟ್ಯಾರಂಭೇ ವಾರಿವಾಹೇ ವನೇ ವಸ್ತುನಿಷೇಧನೇ’ ಎಂದು ಹೇಳಿಕೊಳ್ಳುವುದು ಇದರ ಬಳಕೆಗಳನ್ನೇ. ಮೋಡಕ್ಕೂ ಪತಾಕ, ಕಾಡಿಗೂ ಪತಾಕ, ‘ಬೇಡ’ ಎನ್ನುವುದಕ್ಕೂ ಪತಾಕ. ಇನ್ನೂ ಮುಂದಕ್ಕೆ ಹೋದರೆ ನದಿ, ರಾತ್ರಿ, ಕುದುರೆ, ಗಾಳಿ, ಮಲಗುವುದು. ಒಂದೇ ಕೈ. ಹಾಗಾದರೆ ಈಗ ನದಿಯೋ ಕುದುರೆಯೋ ಎಂದು ನಿಮ್ಮ ಸೊಸೆಗೆ ಗೊತ್ತಾಗುವುದು ಎಲ್ಲಿಂದ? ಕೈ ಎಷ್ಟು ಎತ್ತರದಲ್ಲಿದೆ, ಯಾವ ಕಡೆ ಹೋಗುತ್ತಿದೆ, ಕಣ್ಣು ಅದನ್ನು ಹೇಗೆ ನೋಡುತ್ತಿದೆ, ಇಷ್ಟರಿಂದ. ಸೊಂಟದ ಮಟ್ಟದಲ್ಲಿ ಅಲೆಯುತ್ತಾ ಪಕ್ಕಕ್ಕೆ ಹೋದ ಕೈಯನ್ನು ನರ್ತಕಿ ಬಗ್ಗಿ ನೋಡಿ, ಸೀರೆಯ ನೆರಿಗೆ ಎತ್ತಿಕೊಂಡರೆ ಅದು ನೀರು. ಇದಕ್ಕೆ ಶ್ಲೋಕ ಬರಬೇಕಾಗಿಲ್ಲ.

ಆದ್ದರಿಂದ ಮುಂದಿನ ಸಲ ಕೈಯನ್ನು ಬಿಟ್ಟು ಕಣ್ಣನ್ನು ನೋಡಿ. ಕೈ ಹೋದಲ್ಲಿ ದೃಷ್ಟಿ, ದೃಷ್ಟಿ ಹೋದಲ್ಲಿ ಮನಸ್ಸು ಎನ್ನುವ ಹಳೆಯ ಶ್ಲೋಕ ಆಡುವವರಿಗೆ ಎಷ್ಟು ದಾರಿಯೋ ನೋಡುವವರಿಗೂ ಅಷ್ಟೇ. ಎರಡನೆಯದಾಗಿ, ಎಲ್ಲ ಕುಣಿತದಲ್ಲೂ ಕಥೆ ಹುಡುಕಬೇಡಿ. ಅಲರಿಪು, ಜತಿಸ್ವರ, ತಿಲ್ಲಾನದ ಹೆಚ್ಚಿನ ಭಾಗ ನೃತ್ತ, ಅಂದರೆ ಕಥೆಯಿಲ್ಲದ ಶುದ್ಧ ಕುಣಿತ. ಅಲ್ಲಿ ಇರುವುದು ಲಯ, ರೇಖೆ, ಜತಿ. ‘ಇದೇನು ಹೇಳುತ್ತಿದ್ದಾಳೆ’ ಎಂದು ತಲೆ ಕೆಡಿಸಿಕೊಂಡು ಅಲ್ಲಿಯೇ ಸುಸ್ತಾದವರು ಪದ, ಜಾವಳಿ, ದೇವರನಾಮದಂಥ ಅಭಿನಯದ ಹಾಡುಗಳು ಬರುವ ಹೊತ್ತಿಗೆ ಕಾಫಿಗೆ ಎದ್ದುಹೋಗಿರುತ್ತಾರೆ. ಕಥೆ ಇರುವುದೇ ಆಮೇಲೆ.

ಮೂರನೆಯದು, ಒಂದೇ ಸಾಲನ್ನು ಗಾಯಕರು ಆರೇಳು ಸಲ ಹಾಡಿದರೆ ಬೇಸರ ಪಡಬೇಡಿ. ಮೊದಲ ಸಲ ಸಾಲಿನ ನೇರ ಅರ್ಥ, ಆಮೇಲಿನದೆಲ್ಲ ಸಂಚಾರಿ, ಅಂದರೆ ಆ ಸಾಲನ್ನು ಅಭಿನಯದಲ್ಲಿ ಬೆಳೆಸುವುದು. ‘ಅವನು ಬರಲಿಲ್ಲ’ ಎಂಬ ಸಾಲು ಎಂದಿಟ್ಟುಕೊಳ್ಳಿ. ಎರಡನೇ ಸಲ ಬಾಗಿಲು ತೆರೆದು ನೋಡುವುದು, ಮೂರನೇ ಸಲ ಮುಡಿದ ಹೂವು ಬಾಡಿರುವುದು, ನಾಲ್ಕನೇ ಸಲ ಗೆಳತಿಯ ಮೇಲೆ ರೇಗುವುದು. ಹಾಡು ನಿಂತಲ್ಲೇ ನಿಂತಿರುತ್ತದೆ, ಕಥೆ ಮುಂದೆ ಹೋಗಿರುತ್ತದೆ. ಮಾತಿಲ್ಲದ ಭಾಗ ಎಂದರೆ ನಿಜವಾಗಿ ಇದೇ.

ಪ್ರಶ್ನೆ: ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಐದನೇ ತರಗತಿಯ 24 ಮಕ್ಕಳಿಂದ ಪುಣ್ಯಕೋಟಿ ಕಥೆ ಮಾಡಿಸಬೇಕು. ಎಂಟು ನಿಮಿಷ. ಹಾಡಿನ ಸಾಹಿತ್ಯ ಹಾಕದೆ ಬರೀ ಸಂಗೀತಕ್ಕೆ ಮಾಡಿಸಿ ಎಂದು ಹೆಡ್ ಮೇಡಂ ಹೇಳಿದ್ದಾರೆ. ಎಲ್ಲಿಂದ ಶುರು ಮಾಡಲಿ? ಹುಲಿಗೆ ಮಾತು ಕೊಡುವ ಭಾಗವನ್ನು ಮಾತಿಲ್ಲದೆ ತೋರಿಸುವುದು ಸಾಧ್ಯವೇ?
– ವಿಜಯನಗರದ ಶಿಕ್ಷಕಿ

ಉತ್ತರ: ಸಾಧ್ಯ. ಆದರೆ ಆ ದೃಶ್ಯವನ್ನು ಆ ದೃಶ್ಯದಲ್ಲೇ ಬಗೆಹರಿಸಲು ಹೋದರೆ ಆಗುವುದಿಲ್ಲ, ಮೊದಲ ನಿಮಿಷದಿಂದಲೇ ಅದಕ್ಕೆ ಸಿದ್ಧ ಮಾಡಿಕೊಂಡು ಬರಬೇಕು.

ಕುಣಿತಕ್ಕೆ ‘ನಾಳೆ’, ‘ಒಂದು ವೇಳೆ’, ‘ಯಾಕೆಂದರೆ’ ಎಂಬ ಮಾತುಗಳು ಹೇಳಲು ಬರುವುದಿಲ್ಲ. ಅದಕ್ಕೆ ಬರುವುದು ಈಗ ಇಲ್ಲಿ ನಡೆಯುವ ಕ್ರಿಯೆ, ಇಬ್ಬರ ನಡುವಿನ ದೂರ, ಮತ್ತು ಆ ದೂರ ಹೆಚ್ಚುಕಡಿಮೆ ಆಗುವುದು. ‘ಕರುವಿಗೆ ಹಾಲೂಡಿಸಿ ತಿರುಗಿ ಬರುತ್ತೇನೆ’ ಎಂಬುದು ಮಾತು. ಅದನ್ನು ಕ್ರಿಯೆ ಮಾಡಿ: ಹುಲಿಯ ಎದುರು ನಿಂತ ಪುಣ್ಯಕೋಟಿ ದೊಡ್ಡಿಯ ಕಡೆಗೆ ಮೂರು ಹೆಜ್ಜೆ ಇಡುತ್ತಾಳೆ, ಬಗ್ಗಿ ಕರುವನ್ನು ನೆಕ್ಕುವಂತೆ ಕತ್ತು ಆಡಿಸುತ್ತಾಳೆ, ತಿರುಗಿ ಅದೇ ಮೂರು ಹೆಜ್ಜೆ ಬಂದು ಮೊದಲು ನಿಂತ ಜಾಗದಲ್ಲೇ ಕತ್ತು ತಗ್ಗಿಸುತ್ತಾಳೆ. ಹುಲಿ ತಲೆ ಅಲ್ಲಾಡಿಸುತ್ತದೆ. ಮತ್ತೊಮ್ಮೆ ಅದೇ, ಈ ಸಲ ಇನ್ನೂ ನಿಧಾನ. ಕೊನೆಗೆ ಎರಡೂ ಅಂಗೈ ನೆಲಕ್ಕೆ ತಾಗಿಸಿ ಆಣೆ. ಅಷ್ಟೇ. ಆಮೇಲೆ ಏಳನೇ ನಿಮಿಷದಲ್ಲಿ ಅವಳು ನಿಜಕ್ಕೂ ಅದೇ ದಾರಿಯಲ್ಲಿ, ಅದೇ ನಡೆಯಲ್ಲಿ ಬಂದು ಅದೇ ಜಾಗದಲ್ಲಿ ಕತ್ತು ತಗ್ಗಿಸಿದಾಗ ಕೊನೆಯ ಸಾಲಿನ ಅಜ್ಜನಿಗೂ ಅರ್ಥವಾಗಿರುತ್ತದೆ. ಅದಕ್ಕೇ ಆ ಜಾಗಕ್ಕೆ ಬಣ್ಣದ ಟೇಪ್ ಅಂಟಿಸಿ ಗುರುತು ಮಾಡಿ; ಮಗು ಒಂದಡಿ ಆಚೀಚೆ ನಿಂತರೂ ‘ಅದೇ ಜಾಗ’ ಎಂಬುದು ಹೋಗುತ್ತದೆ.

ಕರುವನ್ನು ನೆನಪಿಸುವ ಕೆಲಸ ಸಂಗೀತಕ್ಕೆ ಕೊಡಿ. ಮೊದಲ ದೃಶ್ಯದಲ್ಲಿ ಕರು ಬಂದಾಗಲೆಲ್ಲ ಕೊಳಲಿನಲ್ಲಿ ನಾಲ್ಕೈದು ಸ್ವರದ ಒಂದು ಚಿಕ್ಕ ತುಣುಕು ನುಡಿಸಿ. ಹುಲಿಯ ಮುಂದೆ ಅದೇ ತುಣುಕು ಬಂದರೆ, ಕರು ಸ್ಟೇಜ್ ಮೇಲೆ ಇಲ್ಲದಿದ್ದರೂ ಇದ್ದ ಹಾಗೆ. ಅದೇ ರೀತಿ ಗೊಲ್ಲ ಹಸುಗಳನ್ನು ಹೆಸರು ಹಿಡಿದು ಕರೆಯುವ ಭಾಗ: ಒಂದೊಂದು ಹಸುವಿಗೆ ಒಂದೊಂದು ಬೇರೆ ಕೊಳಲಿನ ಕರೆ, ಆ ಕರೆಗೆ ಆ ಮಗು ಮಾತ್ರ ತಲೆ ಎತ್ತಬೇಕು. ಮೂರು ಹಸುಗಳಿಗೆ ಮಾಡಿದರೆ ಸಾಕು, ಹನ್ನೆರಡಕ್ಕೂ ಮಾಡಲು ಹೋಗಬೇಡಿ.

24 ಮಕ್ಕಳನ್ನು ಹೀಗೆ ಹಂಚಬಹುದು: ಪುಣ್ಯಕೋಟಿ, ಕರು, ಹುಲಿ, ಗೊಲ್ಲ ನಾಲ್ವರು, ಉಳಿದ ಹಸುಗಳು 12, ಕಾಡು 8. ಸಮಯ ಹಂಚುವಾಗ ಎಲ್ಲರೂ ಮಾಡುವ ತಪ್ಪು ಒಂದೇ. ಮುಂಜಾನೆ, ಹಸುಗಳು, ಮೇಯುವುದು ಎಂದು ಚೆಂದದ ಗುಂಪು ಕುಣಿತಕ್ಕೆ ಐದು ನಿಮಿಷ ಕೊಟ್ಟು ಕಥೆಯನ್ನೆಲ್ಲ ಮೂರು ನಿಮಿಷದಲ್ಲಿ ಓಡಿಸುತ್ತಾರೆ. ಗೊಲ್ಲ ಮತ್ತು ಹಸುಗಳಿಗೆ ಒಂದೂಕಾಲು ನಿಮಿಷ, ಮೇಯುತ್ತಾ ಪುಣ್ಯಕೋಟಿ ಒಂಟಿಯಾಗುವುದಕ್ಕೆ ಒಂದು, ಹುಲಿ ಅಡ್ಡಗಟ್ಟುವುದಕ್ಕೆ ಒಂದೂಕಾಲು, ಮಾತು ಕೊಡುವುದಕ್ಕೆ ಒಂದು, ಕರುವಿನ ಜೊತೆ ಒಂದೂ ಮುಕ್ಕಾಲು, ಮರಳಿ ಬರುವುದು ಮುಕ್ಕಾಲು, ಹುಲಿಯ ಮನಸ್ಸು ಬದಲಾಗಿ ಸಾಯುವುದಕ್ಕೆ ಪೂರ್ತಿ ಒಂದು. ಎಂಟು ನಿಮಿಷಕ್ಕೆ ಸರಿಹೋಯಿತು. ಕರುವಿನ ದೃಶ್ಯ ಎಲ್ಲಕ್ಕಿಂತ ಉದ್ದ ಇರಲಿ. ಅಲ್ಲಿ ಮೂರು ಕೆಲಸ ಆಗಬೇಕು: ಹಾಲು, ಬೀಳ್ಕೊಡುಗೆ, ಮತ್ತು ಕರುವನ್ನು ಬೇರೆ ಹಸುಗಳಿಗೆ ಒಪ್ಪಿಸುವುದು. ಮೂರನೆಯದನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಕರುವನ್ನು ಒಂದೊಂದೇ ಹಸುವಿನ ಬಳಿ ಕರೆದೊಯ್ದು, ಅದರ ಮೈಗೆ ತಾಗಿಸಿ ಬಿಟ್ಟು ಬಂದಾಗಲೇ ‘ಇವಳು ಸಾಯಲು ಹೊರಟಿದ್ದಾಳೆ’ ಎಂಬುದು ನೋಡುವವರಿಗೆ ತಟ್ಟುವುದು. ಕರು ಪ್ರತಿ ಸಲವೂ ಓಡಿ ವಾಪಸ್ ಬರಲಿ, ಮೂರನೇ ಸಲ ಬೇರೆ ಹಸುಗಳು ಅಡ್ಡ ನಿಲ್ಲಲಿ.

ಇನ್ನು ಮುದ್ರೆ. ಹಸುವಿಗೆ ಕೆಲವು ಗುರುಗಳು ಮೃಗಶೀರ್ಷವನ್ನು, ಅಂದರೆ ಹೆಬ್ಬೆರಳು ಕಿರುಬೆರಳು ನೆಟ್ಟಗೆ, ನಡುವಿನ ಮೂರು ಬೆರಳು ಮುಂದಕ್ಕೆ ಬಾಗಿಸಿದ ಕೈಯನ್ನು ತಲೆಯ ಎರಡು ಪಕ್ಕ ಹಿಡಿಸಿ ಕೊಂಬು ಮಾಡಿಸುತ್ತಾರೆ. ಚೆನ್ನಾಗಿಯೇ ಕಾಣುತ್ತದೆ. ಆದರೆ ಹತ್ತು ವರ್ಷದ ಮಗು ಎಂಟು ನಿಮಿಷ ಕೈ ಎತ್ತಿ ಹಿಡಿದರೆ ಎರಡನೇ ನಿಮಿಷಕ್ಕೇ ಮೊಣಕೈ ಜೋತುಬಿದ್ದು ಮುಖ ಮುಚ್ಚುತ್ತದೆ. ಮೊದಲು ಕಾಣಿಸಿಕೊಂಡಾಗ ಒಂದು ಎಂಟು ಎಣಿಕೆ ಕೊಂಬು ತೋರಿಸಲಿ, ಆಮೇಲೆ ಕೈ ಇಳಿಸಲಿ. ಅಲ್ಲಿಂದ ಮುಂದೆ ಹಸುವನ್ನು ಹಸು ಮಾಡುವುದು ನಡಿಗೆ: ಪ್ರತಿ ಹೆಜ್ಜೆಗೂ ಮೊಣಕಾಲು ತುಸು ಕುಸಿದು ಭಾರ ನೆಲಕ್ಕೆ ಇಳಿಯಬೇಕು, ಕತ್ತು ಹೆಜ್ಜೆಗಿಂತ ಸ್ವಲ್ಪ ತಡವಾಗಿ ತೂಗಬೇಕು. ಹುಲಿಗೆ ಬೆರಳುಗಳನ್ನು ಪಂಜದಂತೆ ಬಾಗಿಸಿದ ಊರ್ಣನಾಭ ಹಸ್ತ. ನಡೆಯಲ್ಲಿ ಹಸುವಿಗೆ ಪೂರಾ ವಿರುದ್ಧ, ಭಾರವೇ ಇಲ್ಲದ ಹಾಗೆ ನಿಧಾನ, ನಿಧಾನ, ಥಟ್ಟನೆ. ಹುಲಿಯ ಪಾತ್ರಕ್ಕೆ ತರಗತಿಯ ತುಂಟ ಹುಡುಗನನ್ನು ಹಾಕುವ ರೂಢಿಯಿದೆ. ನಮ್ಮನ್ನು ಕೇಳಿದರೆ ಅಲುಗಾಡದೆ ನಿಲ್ಲಲು ಬರುವ ಮಗುವನ್ನು ಹಾಕಿ. ಘರ್ಜಿಸುತ್ತಾ ಓಡಾಡುವ ಹುಲಿಗೆ ಜನ ನಗುತ್ತಾರೆ, ನಿಂತು ನೋಡುವ ಹುಲಿಗೆ ಹೆದರುತ್ತಾರೆ.

ಅಂತ್ಯದಲ್ಲಿ ಹುಲಿ ಪುಣ್ಯಕೋಟಿಯನ್ನು ನೋಡಿದ ತಕ್ಷಣ ದೊಪ್ಪನೆ ಬೀಳುವುದು ಬೇಡ. ಆದಿತಾಳದ ಎರಡು ಆವರ್ತ, ಅಂದರೆ 16 ಎಣಿಕೆ ಹುಲಿ ಅಲ್ಲಾಡಬಾರದು, ಮೃದಂಗವೂ ನಿಲ್ಲಲಿ. ಮುಂದಿನ 16ರಲ್ಲಿ ಬಾಗಿದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳಲಿ. ಆಮೇಲೆ ಹಿಂದಕ್ಕೆ ಓಡಿ ಜಿಗಿತ, ಕಾಡಿನ ಎಂಟು ಮಕ್ಕಳು ಮುಂದೆ ಬಂದು ಮರೆ ಮಾಡುವುದು. ಹಲಗೆಯ ಸ್ಟೇಜ್ ಮೇಲೆ ಮಗುವನ್ನು ನಿಜವಾಗಿ ಬೀಳಿಸಬೇಡಿ. ಕಾಡಿನ ಮಕ್ಕಳು ಕೊಂಬೆ ಹಿಡಿದು ಸಾಲಾಗಿ ನಿಂತರೆ ಅದು ಬರೀ ಪರದೆ. ಪುಣ್ಯಕೋಟಿ ಹಿಂದೆ ಉಳಿದಾಗ ಅವರು ಹತ್ತಿರ ಸರಿದು ದಾರಿ ಮುಚ್ಚಬೇಕು, ಮನೆಗೆ ಹೋಗುವಾಗ ತೆರೆಯಬೇಕು, ಮರಳಿ ಬರುವಾಗ ತೆರೆದೇ ಇರಬೇಕು: ಈಗ ಅವಳನ್ನು ಹಿಡಿದಿಟ್ಟಿರುವುದು ಕಾಡಲ್ಲ ಎಂದು ತಿಳಿಯುವುದು ಹಾಗೆ.

ಬಟ್ಟೆಯ ವಿಚಾರ: ಪೂರ್ತಿ ಮುಖವಾಡ ಬೇಡವೇ ಬೇಡ, ಹಣೆಯ ಮೇಲೆ ಕೂರುವ ಟೋಪಿಯಂಥ ಕೊಂಬು ಸಾಕು. ಹದಿಮೂರು ಹಸುಗಳೂ ಒಂದೇ ಥರ ಇದ್ದರೆ ಪುಣ್ಯಕೋಟಿ ಯಾರು ಎಂದು ಅಪ್ಪ ಅಮ್ಮಂದಿರಿಗೂ ಗೊತ್ತಾಗುವುದಿಲ್ಲ. ಅವಳೊಬ್ಬಳ ಕೊರಳಿಗೆ ಕೆಂಪು ಪಟ್ಟಿ, ಅವಳೊಬ್ಬಳ ಕಾಲಿಗೆ ಗೆಜ್ಜೆ. ಅವಳು ಮನೆಯಿಂದ ಹೊರಟಾಗ ಮಿಕ್ಕೆಲ್ಲ ಸದ್ದು ನಿಂತು ಆ ಗೆಜ್ಜೆಯೊಂದೇ ಕೇಳಿಸುವಂತೆ ಮಾಡಬಹುದು. ಮಕ್ಕಳು ಸೈಡ್ ವಿಂಗ್‌ನಲ್ಲಿ ನಿಂತ ಟೀಚರನ್ನೇ ನೋಡುತ್ತಾ ಕುಣಿಯುವುದು ಎಲ್ಲ ಶಾಲೆಯ ಕಾಯಿಲೆ. ನೀವು ಸೈಡಿನಲ್ಲಿ ನಿಲ್ಲಬೇಡಿ; ಕೊನೆಯ ಎರಡು ರಿಹರ್ಸಲ್‌ಗಳಲ್ಲಿ ಹಾಲ್‌ನ ಹಿಂಭಾಗಕ್ಕೆ ಹೋಗಿಬಿಡಿ. ಮತ್ತೆ, ಹಿಂದಿನ ಎಲ್ಇಡಿ ಪರದೆಯ ಮೇಲೆ ‘ಸತ್ಯವೇ ನಮ್ಮ ತಾಯಿ ತಂದೆ’ ಎಂದು ಅಕ್ಷರ ಹಾಕಿಸಲು ಯಾರಾದರೂ ಹೇಳಿಯೇ ಹೇಳುತ್ತಾರೆ. ಅಕ್ಷರ ಬಂದರೆ ಜನ ಅಕ್ಷರ ಓದುತ್ತಾರೆ, ಮಕ್ಕಳನ್ನು ನೋಡುವುದಿಲ್ಲ.

ಪ್ರಶ್ನೆ: ವಿದ್ವತ್ ಪರೀಕ್ಷೆಗೆ ತಯಾರಾಗುತ್ತಿದ್ದೇನೆ. ‘ಮುಖ ಚೆನ್ನಾಗಿ ಆಡುತ್ತೆ, ಆದರೆ ಭಾವ ಬರ್ತಿಲ್ಲ’ ಎನ್ನುತ್ತಾರೆ ನನ್ನ ಗುರುಗಳು. ಕನ್ನಡಿ ಮುಂದೆ ನವರಸ ದಿನಾ ಮಾಡುತ್ತೇನೆ. ಇನ್ನೇನು ಮಾಡಬೇಕು?
– ಮಲ್ಲೇಶ್ವರದ ವಿದ್ಯಾರ್ಥಿನಿ

ಉತ್ತರ: ಕನ್ನಡಿಯನ್ನು ಸ್ವಲ್ಪ ದಿನ ಮುಚ್ಚಿಡಿ. ಕನ್ನಡಿ ನೋಡುವಾಗ ನಿಮ್ಮ ಕಣ್ಣು ನಿಮ್ಮನ್ನೇ ನೋಡುತ್ತಿರುತ್ತದೆ, ಕೃಷ್ಣನನ್ನು ನೋಡುತ್ತಿರುವುದಿಲ್ಲ. ತೊಂದರೆ ಮುಖದಲ್ಲಿಲ್ಲ, ಕ್ರಮದಲ್ಲಿದೆ ಎಂದು ನಮ್ಮ ಅನುಮಾನ.

ಒಂದು ಚಿಕ್ಕ ಪ್ರಸಂಗ ತೆಗೆದುಕೊಳ್ಳಿ: ಯಶೋದೆ ಬೆಣ್ಣೆಯ ಗಡಿಗೆ ತೆರೆದು ನೋಡುತ್ತಾಳೆ, ಖಾಲಿ. ಹೆಚ್ಚಿನ ವಿದ್ಯಾರ್ಥಿಗಳು ಮುಚ್ಚಳ ಎತ್ತುವ ಮೊದಲೇ ಹುಬ್ಬು ಏರಿಸಿರುತ್ತಾರೆ. ಗಡಿಗೆ ಖಾಲಿ ಎಂದು ಅವರಿಗೆ ಗೊತ್ತು, ಯಶೋದೆಗೆ ಗೊತ್ತಿಲ್ಲವಲ್ಲ! ಬಿಡಿಸಿ ಮಾಡಿ. ಮೊದಲು ಮುಚ್ಚಳ ಎತ್ತುವ ಕೈ, ಮುಖದಲ್ಲಿ ಇನ್ನೂ ಮನೆಗೆಲಸದ ಯೋಚನೆ. ಆಮೇಲೆ ಕಣ್ಣು ಗಡಿಗೆಯೊಳಕ್ಕೆ ಇಳಿಯಬೇಕು, ಬಾಯಿಂದ ತಳದವರೆಗೆ. ಅಲ್ಲಿ ನಿಲ್ಲಬೇಕು. ಒಂದು ಉಸಿರು ಹಿಡಿದು ಕಾಯಿರಿ. ಈಗ ಹುಬ್ಬು. ಆಮೇಲೆ ಕೈ ಒಳಗೆ ಹೋಗಿ ಗೋಡೆ ಸವರಲಿ, ಯಾಕೆಂದರೆ ಕಣ್ಣನ್ನು ಅವಳು ಇನ್ನೂ ನಂಬಿಲ್ಲ. ಬೆರಳಿಗೆ ಅಂಟಿದ ಚೂರು ಬೆಣ್ಣೆ ನೋಡಿದಾಗ ತುಟಿಯ ಒಂದು ತುದಿ. ಕೊನೆಗೆ ತಲೆ ಪಕ್ಕಕ್ಕೆ ತಿರುಗಿ, ಸಾಚಿ ದೃಷ್ಟಿಯಲ್ಲಿ, ಅಂದರೆ ಓರೆಗಣ್ಣಲ್ಲಿ, ಕಳ್ಳನ ಹುಡುಕಾಟ. ನೋಡು, ತಿಳಿ, ಅನಿಸಲಿ, ಆಮೇಲೆ ಮಾಡು. ಈ ಸಾಲಿನಲ್ಲಿ ಯಾವುದೊಂದು ಹಾರಿಹೋದರೂ ನೋಡುವವರಿಗೆ ಮುಖ ಆಡಿಸಿದಂತೆಯೇ ಕಾಣುತ್ತದೆ.

ಎರಡನೇ ಪರೀಕ್ಷೆ ಗಡಿಗೆಯದು. ಎತ್ತುವಾಗ ಎರಡು ಅಂಗೈಗಳ ನಡುವೆ ಒಂದಡಿ ಇದ್ದದ್ದು ಇಳಿಸುವಾಗ ಅರ್ಧ ಅಡಿ ಆಗಿದ್ದರೆ ಗಡಿಗೆ ಒಡೆದುಹೋಯಿತು ಎಂದೇ ಲೆಕ್ಕ. ಮನೆಯಲ್ಲಿರುವ ನಿಜವಾದ ಬಿಂದಿಗೆಗೆ ನೀರು ತುಂಬಿಸಿ ಹತ್ತು ಸಲ ಎತ್ತಿ ಇಳಿಸಿ, ಯಾವ ಭುಜ ಮೊದಲು ಇಳಿಯುತ್ತದೆ, ಎಲ್ಲಿ ಉಸಿರು ಕಟ್ಟುತ್ತದೆ ಗಮನಿಸಿ. ತಕ್ಷಣ ಬಿಂದಿಗೆ ಇಲ್ಲದೆ ಅದನ್ನೇ ಮಾಡಿ.

ಮೂರನೆಯದು ದೃಷ್ಟಿಯ ಎತ್ತರ. ಯಶೋದೆಯಾಗಿ ನಿಂತಾಗ ಕೃಷ್ಣ ನಿಮ್ಮ ಮಂಡಿಗಿಂತ ಸ್ವಲ್ಪ ಮೇಲೆ, ಎರಡು ಹೆಜ್ಜೆ ದೂರ ಇದ್ದಾನೆ ಎಂದು ಗೊತ್ತು ಮಾಡಿಕೊಂಡರೆ ಇಡೀ ಸಂಚಾರಿಯಲ್ಲಿ ಅಲ್ಲೇ ಇರಬೇಕು. ಮೊದಲು ಮಂಡಿಯೆತ್ತರ ಇದ್ದ ಮಗು ಬೈಯುವಾಗ ಎದೆಯೆತ್ತರ ಬೆಳೆದಿರುವುದನ್ನು ಪರೀಕ್ಷಕರು ದಿನವೂ ನೋಡುತ್ತಿರುತ್ತಾರೆ. ಕೃಷ್ಣನಾಗಿ ಬದಲಾದಾಗ ಅದೇ ರೇಖೆಯನ್ನು ಉಲ್ಟಾ ಮಾಡಿ: ಅವಳು ಬಲಕ್ಕೆ ಓರೆಯಾಗಿ ಕೆಳಗೆ ನೋಡಿದ್ದರೆ ಇವನು ಎಡಕ್ಕೆ ಓರೆಯಾಗಿ ಮೇಲಕ್ಕೆ. ಮೈಯನ್ನು ಪೂರ್ತಿ ಸುತ್ತಿಸಬೇಕಾಗಿಲ್ಲ. ಭುಜ ತಿರುಗಿ, ಮಂಡಿ ಕುಸಿದು, ಮೊಣಕೈ ಮೈಗೆ ಅಂಟಿಕೊಂಡರೆ ಸಾಕು. ಬದಲಾವಣೆಯ ನಡುವೆ ಎರಡು ಎಣಿಕೆ ಯಾರೂ ಆಗಿರಬೇಡಿ. ಯಶೋದೆಯ ಸಿಟ್ಟು ಕೃಷ್ಣನ ಮುಖದಲ್ಲೂ ಉಳಿದುಬಿಡುವುದು ಆ ಎರಡು ಎಣಿಕೆಯನ್ನು ತಿಂದಾಗಲೇ.

ಅಭ್ಯಾಸ ಹೀಗೆ ಮಾಡಿ. ಹಳೆಯ ಮೈಸೂರು ಶೈಲಿಯಲ್ಲಿ ಕುಳಿತಲ್ಲೇ ಅಭಿನಯಿಸುವ ಪದ್ಧತಿ ಇತ್ತು. ಜಟ್ಟಿ ತಾಯಮ್ಮನವರ ಶಿಷ್ಯೆ, 1992ರಲ್ಲಿ ಪದ್ಮಭೂಷಣ ಪಡೆದ ಕೆ. ವೆಂಕಟಲಕ್ಷಮ್ಮನವರ ಹೆಸರು ಇಂದಿಗೂ ನಿಂತಿರುವುದು ಅಭಿನಯದಿಂದ. ನೀವೂ ಚಾಪೆ ಮೇಲೆ ಕುಳಿತು, ಕೈಗಳನ್ನು ತೊಡೆಯ ಮೇಲಿಟ್ಟು, ಕಣ್ಣು ಕತ್ತಿನಿಂದ ಮಾತ್ರ ಇಡೀ ಸಂಚಾರಿ ಮಾಡಿ. ಕೈ ಸಹಾಯ ಇಲ್ಲದೆ ಎಷ್ಟು ಉಳಿಯುತ್ತದೋ ಅಷ್ಟೇ ನಿಮ್ಮ ಭಾವ. ಆಮೇಲೆ ಎದ್ದು ಪೂರ್ತಿ ಮಾಡಿ, ಮೊಬೈಲನ್ನು ಕಣ್ಣಿನ ಮಟ್ಟದಲ್ಲಿ ಹತ್ತಡಿ ದೂರ ಇಟ್ಟು ರೆಕಾರ್ಡ್ ಮಾಡಿ, ಸದ್ದು ಮ್ಯೂಟ್ ಮಾಡಿ, ನೃತ್ಯ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. ‘ಚೆನ್ನಾಗಿದೆಯಾ’ ಎಂದು ಕೇಳಬೇಡಿ. ಎಷ್ಟು ಜನ ಇದ್ದಾರೆ, ಯಾರು ಯಾರಿಗೆ ಏನು ಮಾಡಿದರು, ಕೊನೆಗೆ ಏನು ಬದಲಾಯಿತು ಎಂದು ಕೇಳಿ. ಪಕ್ಕದ ಮನೆ ಆಂಟಿ ‘ಒಬ್ಬಳೇ ಇದ್ದಳಲ್ಲ’ ಎಂದರೆ ಪಾತ್ರ ಬದಲಾವಣೆ ಕೆಲಸ ಮಾಡಿಲ್ಲ.

ಪ್ರಶ್ನೆ: ಕಥಕ್ ಕಾರ್ಯಕ್ರಮದಲ್ಲಿ ಹಾಡೇ ಇರಲಿಲ್ಲ, ಸಾರಂಗಿ ಮತ್ತು ತಬಲಾ ಮಾತ್ರ. ಆದರೂ ಕೊಡ ಹೊತ್ತ ಹುಡುಗಿ, ಕಲ್ಲೆಸೆಯುವ ಕೃಷ್ಣ ಎಲ್ಲ ಗೊತ್ತಾಯಿತು. ಇದಕ್ಕೆ ಬೇರೆ ವಿಧಾನ ಇದೆಯೇ?
– ರಾಜಾಜಿನಗರದ ಓದುಗರು

ಉತ್ತರ: ನೀವು ನೋಡಿದ್ದು ಗತ್ ಭಾವ್. ಸಾರಂಗಿ ಅಥವಾ ಹಾರ್ಮೋನಿಯಂ ಲಹರಾ ಎಂಬ ಒಂದೇ ಚಿಕ್ಕ ಧಾಟಿಯನ್ನು, ಸಾಮಾನ್ಯವಾಗಿ 16 ಮಾತ್ರೆಯ ತೀನ್‌ತಾಲದಲ್ಲಿ, ತಿರುಗಿ ತಿರುಗಿ ನುಡಿಸುತ್ತದೆ. ನರ್ತಕಿ ‘ಗತ್’ ಎಂಬ ನಡಿಗೆಯಲ್ಲಿ ಒಂದು ಪಾತ್ರವಾಗಿ ಬಂದು, ಪಲ್ಟಾ ಎಂಬ ಒಂದು ಸುತ್ತು ತಿರುಗಿ, ಇನ್ನೊಂದು ಪಾತ್ರವಾಗುತ್ತಾಳೆ. ಆ ಸುತ್ತೇ ಇಲ್ಲಿ ಅಲ್ಪವಿರಾಮದ ಕೆಲಸ ಮಾಡುತ್ತದೆ. ಸಾಹಿತ್ಯವಿಲ್ಲದ್ದರಿಂದ ಪನಘಟ್ (ನೀರು ತರುವ ಘಟ್ಟ), ಬೆಣ್ಣೆ ಕಳ್ಳತನ, ದ್ರೌಪದಿ ವಸ್ತ್ರಾಪಹರಣದಂಥ, ನೋಡುವವರಿಗೆ ಮೊದಲೇ ಗೊತ್ತಿರುವ ಕಥೆಗಳೇ ಹೆಚ್ಚು. ಗೊತ್ತಿರುವ ಕಥೆ ಎಂದರೆ ಸುಲಭ ಎಂದು ತಿಳಿಯಬೇಡಿ. ಮುಂದೇನು ಎಂದು ಗೊತ್ತಿರುವ ಜನರನ್ನು ಹಿಡಿದಿಡಬೇಕಾದರೆ ‘ಹೇಗೆ’ ಎಂಬುದರಲ್ಲೇ ಹಿಡಿಯಬೇಕು. ಕಲ್ಲು ತಾಗಿ ಕೊಡ ಒಡೆದಾಗ ನೀರು ಮೊದಲು ಕತ್ತಿಗೆ ಬಿತ್ತೋ ಬೆನ್ನಿಗೆ ಬಿತ್ತೋ ಎಂಬುದು ಮೈಯಲ್ಲಿ ಕಂಡರೆ ಅದು ಒಳ್ಳೆಯ ಗತ್ ಭಾವ್.

ಪ್ರಶ್ನೆ: ಐದು ಜನ ಸೇರಿ ಹನ್ನೆರಡು ನಿಮಿಷದ ಕಂಟೆಂಪರರಿ ಪೀಸ್ ಮಾಡಿದ್ದೇವೆ: ಬೆಂಗಳೂರಿನ ಒಂದು ಕೆರೆ ಬಸ್ ನಿಲ್ದಾಣವಾದ ಕಥೆ. ನೋಡಿದವರು ‘ಮೂವ್‌ಮೆಂಟ್ ಸೂಪರ್’ ಅಂದರು, ಕೆರೆ ಅಂತ ಒಬ್ಬರಿಗೂ ಗೊತ್ತಾಗಲಿಲ್ಲ. ವಾಯ್ಸ್ ಓವರ್ ಹಾಕಿಬಿಡೋಣವಾ?
– ವೈಟ್‌ಫೀಲ್ಡ್‌ನ ಓದುಗರು

ಉತ್ತರ: ವಿಷಯ ಒಳ್ಳೆಯದು, ನಮ್ಮ ಊರಿಗೆ ತಕ್ಕದ್ದು. ಧರ್ಮಾಂಬುಧಿ ಕೆರೆ ಇದ್ದಲ್ಲಿ ಈಗ ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣ, ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ. ಆದರೆ ನಿಮ್ಮ ಐದೂ ಜನ ನೀರಾಗಿದ್ದೀರಿ ಎಂದು ಊಹಿಸುತ್ತೇವೆ. ತೋಳು ಅಲೆ ಅಲೆಯಾಗಿ, ನೆಲದ ಮೇಲೆ ಹೊರಳಾಟ. ಕೆರೆಗೆ ಆಸೆ ಇಲ್ಲ, ಹಠ ಇಲ್ಲ, ಅದು ಯಾರನ್ನೂ ಕಾಯುವುದಿಲ್ಲ. ಹಾಗಾಗಿ ಅದೊಂದೇ ಕಥೆಯಾಗುವುದಿಲ್ಲ. ಕೆರೆಗೆ ಬರುವ ಒಬ್ಬರನ್ನು ತನ್ನಿ.

ಒಬ್ಬಳು ನೀರಿಗೆ ಬರುತ್ತಾಳೆ: ನಡೆ, ಬಗ್ಗು, ಮುಳುಗಿಸು, ಎತ್ತು, ತಿರುಗು. ಇಷ್ಟೇ ಐದು ಕ್ರಿಯೆ, ಸುಮಾರು 20 ಸೆಕೆಂಡು. ಇದನ್ನು ಹನ್ನೆರಡು ನಿಮಿಷದಲ್ಲಿ ಐದಾರು ಸಲ ತನ್ನಿ. ಉಳಿದ ನಾಲ್ವರು ಕೆರೆಯ ಏರಿ. ಅವರು ನಿಂತ ಅಂಚೇ ನೀರಿನ ಅಂಚು. ಪ್ರತಿ ಸಲ ಅಂಚು ಎರಡು ಹೆಜ್ಜೆ ಒಳಕ್ಕೆ ಬರಲಿ. ಅವಳು ಹಿಂದಿನ ಸಲ ಬಗ್ಗಿದ ಜಾಗದಲ್ಲೇ ಬಗ್ಗಿ, ನೀರಿಲ್ಲದ್ದು ಕಂಡು, ಇನ್ನೆರಡು ಹೆಜ್ಜೆ ಮುಂದೆ ಹೋಗಲಿ. ಕೊನೆಯ ಸಲ ಮುಳುಗಿಸಲು ಇಳಿಸಿದ ಕೈ ನೆಲಕ್ಕೆ ಬಡಿಯಲಿ, ಸದ್ದು ಕೇಳುವ ಹಾಗೆ. ಆಮೇಲೆ ಅದೇ ಬಗ್ಗುವಿಕೆ, ಅದೇ ಎತ್ತುವಿಕೆ. ಆದರೆ ಈಗ ಎತ್ತುತ್ತಿರುವುದು ಲಗೇಜ್ ಬ್ಯಾಗು, ಸುತ್ತ ನಾಲ್ವರು ಬಸ್ಸಿಗೆ ನುಗ್ಗುತ್ತಿದ್ದಾರೆ.

ಒಂದೇ ಚಲನೆಯ ಗುಣ ಬದಲಿಸುವುದಕ್ಕೆ ನೃತ್ಯ ಚಿಂತಕ ರುಡಾಲ್ಫ್ ಲಾಬಾನ್ (1879–1958) ಕೊಟ್ಟ ನಾಲ್ಕು ಹಿಡಿಕೆಗಳು ಉಪಯೋಗಕ್ಕೆ ಬರುತ್ತವೆ: ಭಾರ, ಕಾಲ, ದಿಕ್ಕು, ಹರಿವು. ನೀರಿನ ಕಾಲದಲ್ಲಿ ಬಗ್ಗುವುದು ಹಗುರ, ನಿಧಾನ, ಸುತ್ತುಬಳಸು, ಬಿಡುಬೀಸು. ಬಸ್ಸಿನ ಕಾಲದಲ್ಲಿ ಅದೇ ಬಗ್ಗುವುದು ಭಾರ, ಥಟ್ಟನೆ, ನೇರ, ಬಿಗಿ. ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ಬೇರೆ ಚಲನೆಯೇ ಅನಿಸಿ ಕೊಂಡಿ ತಪ್ಪುತ್ತದೆ. ಪ್ರತಿ ಸಲ ಒಂದೊಂದನ್ನು ಮಾತ್ರ ಬದಲಿಸಿ.

ವಾಯ್ಸ್ ಓವರ್ ಬೇಡ, ನೀಲಿ ಬಟ್ಟೆ ಎಳೆದಾಡುವುದೂ ಬೇಡ. ಪೀಸ್‌ನ ಹೆಸರಲ್ಲಿ ‘ಕೆರೆ’ ಎಂಬ ಪದ ಇರಲಿ. ಇಷ್ಟು ಮಾತು ಬಳಸಿದರೆ ಯಾರೂ ಮೋಸ ಎನ್ನುವುದಿಲ್ಲ. ಭರತನಾಟ್ಯದವರು ಪ್ರತಿ ಹಾಡಿಗೂ ಮುಂಚೆ ಮೈಕಿನಲ್ಲಿ ಎರಡು ನಿಮಿಷ ಕಥೆ ಹೇಳುತ್ತಾರಲ್ಲ.

ಪ್ರಶ್ನೆ: ಯಕ್ಷಗಾನದಲ್ಲಿ ಅರ್ಧ ರಾತ್ರಿ ಮಾತೇ ಇರುತ್ತದೆ. ಮಾತು ತೆಗೆದರೆ ಅದು ನಿಲ್ಲುತ್ತದೆಯೇ?
– ಬನಶಂಕರಿಯ ಓದುಗರು, ಮೂಲತಃ ಕುಂದಾಪುರದವರು

ಉತ್ತರ: ಶಿವರಾಮ ಕಾರಂತರು ಯಕ್ಷರಂಗದ ಪ್ರಯೋಗಗಳಲ್ಲಿ ಅರ್ಥಗಾರಿಕೆ, ಅಂದರೆ ವೇಷಧಾರಿಗಳ ಮಾತು, ಕೈಬಿಟ್ಟು ಹಾಡು, ಕುಣಿತ, ವೇಷದ ಮೇಲೆಯೇ ಪ್ರಸಂಗ ನಿಲ್ಲಿಸಿ ತೋರಿಸಿದರು. ಒಪ್ಪಿದವರೂ ಇದ್ದರು, ಒಪ್ಪದವರೂ ಇದ್ದರು. ಇತ್ತ ತಾಳಮದ್ದಳೆಯಲ್ಲಿ ಕುಣಿತವೇ ಇಲ್ಲ, ಮಾತೇ ಎಲ್ಲ. ಒಂದೇ ಕಲೆ ಎರಡು ತುದಿಗೂ ಹೋಗಿ ನಿಂತಿದೆ. ಮಾಮೂಲಿ ಆಟದಲ್ಲೂ ಒಡ್ಡೋಲಗ (ಪಾತ್ರ ಪ್ರವೇಶದ ಕುಣಿತ), ಪ್ರಯಾಣ ಕುಣಿತ, ಯುದ್ಧ ಕುಣಿತಗಳು ಮಾತಿಲ್ಲದೆಯೇ ಪಾತ್ರದ ಅಂತಸ್ತು, ದೂರ, ಸೋಲುಗೆಲುವು ಹೇಳುತ್ತವೆ.

ಬೇರೆ ಕಡೆಯ ಕಲೆಗಳನ್ನೂ ನೋಡಿ. ಕಥಕಳಿಯಲ್ಲಿ ವೇಷಧಾರಿ ಮಾತಾಡುವುದೇ ಇಲ್ಲ. ಹಿಂದಿನಿಂದ ಗಾಯಕರು ಹಾಡುತ್ತಾರೆ, ವೇಷಧಾರಿ 24 ಮೂಲಮುದ್ರೆಗಳಿಂದ ಪದಪದವನ್ನೂ ಕೈಯಲ್ಲಿ ಆಡುತ್ತಾನೆ. ಪೂರ್ವ ಭಾರತದ ಛವೂ ಕುಣಿತದ ಸೆರೈಕೆಲಾ ಮತ್ತು ಪುರುಲಿಯಾ ಬಗೆಗಳಲ್ಲಿ ಮುಖಕ್ಕೇ ಮುಖವಾಡ, ಹಾಗಾಗಿ ಭಾವವೆಲ್ಲ ಕತ್ತಿನ ಓರೆ, ಎದೆ, ಕಾಲಿಗೆ ಇಳಿದುಬರಬೇಕು. ಮಯೂರಭಂಜಿನ ಛವೂಗೆ ಮುಖವಾಡವಿಲ್ಲ.

ಪ್ರಶ್ನೆ: ಬ್ಯಾಲೆ ವಿಡಿಯೊಗಳಲ್ಲಿ ಕುಣಿತ ನಿಲ್ಲಿಸಿ ಕೈಯಲ್ಲಿ ಏನೇನೋ ಸನ್ನೆ ಮಾಡುತ್ತಾರೆ. ಅವೂ ಮುದ್ರೆಗಳೇ?
– ಜಯನಗರದ ಕಾಲೇಜು ವಿದ್ಯಾರ್ಥಿ

ಉತ್ತರ: ಅವರದೂ ಗೊತ್ತುಪಡಿಸಿದ ಸನ್ನೆಗಳೇ, ಸಂಖ್ಯೆ ಕಡಿಮೆ. ತಲೆಯ ಮೇಲೆ ಎರಡು ಕೈ ಒಂದನ್ನೊಂದು ಸುತ್ತಿದರೆ ‘ಕುಣಿ’. ಉಂಗುರದ ಬೆರಳು ಮುಟ್ಟಿ ತೋರಿಸಿದರೆ ಮದುವೆ. ಮುಖದ ಸುತ್ತ ಕೈ ಸುಳಿದರೆ ಚೆಲುವು. ಎರಡು ಬೆರಳು ಮೇಲೆತ್ತಿದರೆ ಆಣೆ. ಮುಷ್ಟಿ ಬಿಗಿದು ಮಣಿಕಟ್ಟುಗಳನ್ನು ಮುಂದೆ ಅಡ್ಡಡ್ಡ ಇಟ್ಟರೆ ಸಾವು. ಈ ಐದು ಗೊತ್ತಿದ್ದರೆ 19ನೇ ಶತಮಾನದ ಬ್ಯಾಲೆಗಳಲ್ಲಿ ಹೆಚ್ಚಿನ ಜಗಳ, ಪ್ರೇಮ ತಿಳಿಯುತ್ತವೆ.

ಪ್ರಶ್ನೆ: ಅಭಿನಯ ನೋಡಲು ಯಾವ ಸಾಲಿನಲ್ಲಿ ಕೂರಬೇಕು?
– ಹನುಮಂತನಗರದ ಓದುಗರು

ಉತ್ತರ: ನಾಲ್ಕರಿಂದ ಎಂಟನೇ ಸಾಲು, ನಡುವಿಗಿಂತ ಸ್ವಲ್ಪ ಪಕ್ಕಕ್ಕೆ. ಮೊದಲ ಸಾಲಿನಲ್ಲಿ ಸ್ಟೇಜ್ ಎತ್ತರವಿದ್ದರೆ ಪಾದ ಕಾಣುವುದಿಲ್ಲ, ಕತ್ತು ನೋವು ಬೇರೆ. ಸೇವಾಸದನದಂಥ ಚಿಕ್ಕ ಸಭಾಂಗಣದಲ್ಲಿ ಎಲ್ಲಿ ಕುಳಿತರೂ ಕಣ್ಣು ಸಿಗುತ್ತದೆ. ರವೀಂದ್ರ ಕಲಾಕ್ಷೇತ್ರದ ಬಾಲ್ಕನಿ ನೃತ್ಯರೂಪಕಕ್ಕೆ, ಗುಂಪು ವಿನ್ಯಾಸಕ್ಕೆ ಒಳ್ಳೆಯದು. ಒಬ್ಬರೇ ಪದ ಅಭಿನಯಿಸುವಾಗ ಕೆಳಗಿಳಿದು ಬನ್ನಿ. ಬೆರಳ ತುದಿಗೆ, ಅಂಗೈಗೆ ಕೆಂಪು ಹಚ್ಚುವುದು, ಕಣ್ಣಿಗೆ ದಪ್ಪ ಕಾಡಿಗೆ ಎಳೆಯುವುದು ದೂರದವರಿಗೆ ಕಾಣಲೆಂದೇ, ಆದರೂ ಹದಿನೈದನೇ ಸಾಲು ದಾಟಿದರೆ ರೆಪ್ಪೆಯ ಕೆಲಸ ಸಿಗುವುದಿಲ್ಲ. ಇನ್ನೊಂದು: ದೀಪವೆಲ್ಲ ನೆತ್ತಿಯ ಮೇಲಿಂದಲೇ ಬಿದ್ದರೆ ಹುಬ್ಬಿನ ನೆರಳು ಕಣ್ಣನ್ನು ಮುಚ್ಚಿಬಿಡುತ್ತದೆ, ನೀವು ಎಲ್ಲಿ ಕುಳಿತರೂ ಅಷ್ಟೇ. ಅದು ಆಯೋಜಕರ ತಪ್ಪು. ಮುಂದಿನಿಂದ ಬೆಳಕು ಹಾಕಿಸಿ ಎಂದು ವಿರಾಮದಲ್ಲಿ ಹೋಗಿ ಹೇಳಿ.